ಚಿತ್ರಗುಪ್ತನ ಲೆಕ್ಕ: ದೂರವಾಣಿ ಕರೆಯ ದಾಖಲೆ ಹುಟ್ಟುವ, ಉಳಿಯುವ ಬಗೆ

ಹೈದರಾಬಾದಿನ ದಿಲ್‌ಸುಖ್‌ನಗರದ ಮುಖ್ಯರಸ್ತೆಯಲ್ಲಿ ಇಂದು ನಿಂತು ನೋಡಿದರೆ ಮೆಟ್ರೋ ನಿಲ್ದಾಣ, ಬಟ್ಟೆಯಂಗಡಿಗಳು, ತರಬೇತಿ ಕೇಂದ್ರಗಳ ಫಲಕಗಳು, ವಿದ್ಯಾರ್ಥಿಗಳ ಹಾಸ್ಟೆಲ್ಲುಗಳು ಕಣ್ಣಿಗೆ ಬೀಳುತ್ತವೆ. ಎರಡು ದಶಕಗಳ ಹಿಂದೆ ಇಂತಹ ರಸ್ತೆಗಳಲ್ಲಿ ಇನ್ನೊಂದು ನೋಟವೂ ಇತ್ತು. ಅದು ಹಳದಿ ಫಲಕದ ಎಸ್‌ಟಿಡಿ ಬೂತು. ರಾತ್ರಿಯ ರಿಯಾಯತಿ ದರ ಆರಂಭವಾಗುವ ಹೊತ್ತಿಗೆ ಅಲ್ಲಿ ಜನ ಸಾಲುಗಟ್ಟುತ್ತಿದ್ದರು. ಕಲಬುರಗಿಯ ತಾಯಿಗೆ, ಬೀದರಿನ ಅಣ್ಣನಿಗೆ, ರಾಯಚೂರಿನ ಅತ್ತೆಗೆ ಕರೆ ಮಾಡಲು ನಿಂತವರ ಕಣ್ಣು ಗಾಜಿನ ಕೋಣೆಯೊಳಗೆ ಓಡುತ್ತಿದ್ದ ಕೆಂಪು ಅಂಕಿಗಳ ಮೇಲೆ ನೆಟ್ಟಿರುತ್ತಿತ್ತು. 08472, 08482, 08532 ಎಂಬ ಸಂಕೇತ ಸಂಖ್ಯೆಗಳು ಆ ಪೀಳಿಗೆಯವರಿಗೆ ಮನೆಯ ವಿಳಾಸದಷ್ಟೇ ಬಾಯಿಪಾಠ.

ಮಾತು ಮುಗಿದ ಮೇಲೆ ಯಂತ್ರವು ಚಿಕ್ಕ ಚೀಟಿಯೊಂದನ್ನು ಮುದ್ರಿಸುತ್ತಿತ್ತು. ನಾವು ಹಣ ಕೊಟ್ಟು ಹೊರಡುತ್ತಿದ್ದೆವು. ಮನೆಯಲ್ಲಿ ಫೋನು ಉಳ್ಳವರಿಗೆ ಎರಡು ತಿಂಗಳಿಗೊಮ್ಮೆ ಬಿಲ್ಲು ಬರುತ್ತಿತ್ತು. ಅದನ್ನು ಹಿಡಿದು ಯಜಮಾನರು ಮನೆಮಂದಿಯನ್ನೆಲ್ಲ ವಿಚಾರಿಸುವುದು ಒಂದು ವಾಡಿಕೆಯೇ ಆಗಿತ್ತು. ‘ಇಷ್ಟು ಕರೆ ಯಾರು ಮಾಡಿದರು?’ ಎಂಬ ಪ್ರಶ್ನೆಗೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರುತ್ತಿರಲಿಲ್ಲ. ವಿಚಿತ್ರವೆಂದರೆ, ಬಹುಕಾಲದವರೆಗೆ ಬಿಲ್ಲು ಕಳುಹಿಸಿದ ಇಲಾಖೆಯ ಬಳಿಯೂ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಕರೆಯನ್ನು ಎಣಿಸುವವರು ಯಾರು? ಎಣಿಕೆಯನ್ನು ಎಲ್ಲಿ ಬರೆದಿಡುತ್ತಾರೆ? ಅದು ತಪ್ಪಿದರೆ ನಾವು ಕೇಳಬಹುದೆ? ಕರೆಗೆ ಪ್ರತ್ಯೇಕ ಶುಲ್ಕವೇ ಇಲ್ಲದಂತಾಗಿರುವ ಈ ಕಾಲದಲ್ಲಿ ಆ ಬರಹ ಏಕೆ ಇನ್ನೂ ಉಳಿದಿದೆ? ಈ ಪ್ರಶ್ನೆಗಳನ್ನು ಕುರಿತು ಇಲ್ಲಿ ವಿಚಾರ ಮಾಡೋಣ.

ನೆನಪಿಲ್ಲದ ಮೀಟರು

ಮೊದಲಿಗೆ ಹಳೆಯ ಕಾಲದ ವ್ಯವಸ್ಥೆಯನ್ನು ನೋಡೋಣ. ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರದ ಮೂಲ ಕಲ್ಪನೆ ಅಮೆರಿಕದ ಆಲ್ಮನ್ ಸ್ಟ್ರೌಜರ್ ಎಂಬಾತನದು. ಅದಕ್ಕೆ 1891ರಲ್ಲಿ ಪೇಟೆಂಟ್ ದೊರೆಯಿತು. ಸ್ವಾತಂತ್ರ್ಯಾನಂತರ, 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು ಫೋನುಗಳನ್ನೂ ಈ ಬಗೆಯ ವಿನಿಮಯ ಯಂತ್ರಗಳನ್ನೂ ತಯಾರಿಸಿತು. ಆ ಕಾರ್ಖಾನೆಯ ಸುತ್ತಲಿನ ಬಡಾವಣೆಗೆ ದೂರವಾಣಿನಗರ ಎಂಬ ಹೆಸರೇ ನಿಂತಿತು.

ಇಂತಹ ಕೇಂದ್ರದಲ್ಲಿ ಪ್ರತಿಯೊಬ್ಬ ಚಂದಾದಾರನಿಗೂ ಒಂದೊಂದು ಚಿಕ್ಕ ಮೀಟರು ಇರುತ್ತಿತ್ತು. ಅದು ಸ್ಕೂಟರಿನ ಮೈಲಿಮಾಪಕದಂತೆ ಅಂಕಿಗಳ ಚಕ್ರವಷ್ಟೇ. ಕರೆಯನ್ನು ಎದುರಿನವರು ಎತ್ತಿಕೊಂಡೊಡನೆ ಒಂದು ವಿದ್ಯುತ್ ಸಂಕೇತ ಬಂದು ಚಕ್ರವನ್ನು ಒಂದು ಅಂಕಿಯಷ್ಟು ಮುಂದಕ್ಕೆ ತಳ್ಳುತ್ತಿತ್ತು. ಈ ಸಂಕೇತಕ್ಕೆ ಪಲ್ಸ್ ಎಂದು ಹೆಸರು. ಗೋಡೆಯುದ್ದಕ್ಕೂ ಸಾವಿರಾರು ಮೀಟರುಗಳನ್ನು ಜೋಡಿಸಿದ ದೊಡ್ಡ ಕೇಂದ್ರಗಳಲ್ಲಿ ಅವುಗಳ ಛಾಯಾಚಿತ್ರ ತೆಗೆದು, ಆ ಚಿತ್ರದಿಂದ ಅಂಕಿಗಳನ್ನು ಓದಿ ಬರೆದುಕೊಳ್ಳುತ್ತಿದ್ದರು. ಈ ಬಾರಿಯ ಅಂಕಿಯಿಂದ ಹಿಂದಿನ ಬಾರಿಯದನ್ನು ಕಳೆದರೆ ಬಿಲ್ಲು ಸಿದ್ಧ.

ಎಸ್‌ಟಿಡಿ ಸೌಲಭ್ಯ ನಮ್ಮ ದೇಶದಲ್ಲಿ ಆರಂಭವಾದದ್ದು 1960ರಲ್ಲಿ, ಲಖನೌ ಮತ್ತು ಕಾನ್ಪುರಗಳ ನಡುವೆ. ಅದಕ್ಕೂ ಇದೇ ಮೀಟರು. ಆದರೆ ದೂರ ಹೆಚ್ಚಿದಷ್ಟೂ ಪಲ್ಸುಗಳು ಬೇಗಬೇಗನೆ ಬರುತ್ತಿದ್ದವು. ಉದಾಹರಣೆಗೆ, 6 ಸೆಕೆಂಡಿಗೊಂದು ಪಲ್ಸ್ ಎಂದಿಟ್ಟುಕೊಂಡರೆ 3 ನಿಮಿಷದ ಮಾತಿಗೆ 30 ಪಲ್ಸ್. ಅಂದರೆ ಮೀಟರಿನ ಲೆಕ್ಕದಲ್ಲಿ 30 ಕರೆ. ರಾತ್ರಿ ರಿಯಾಯತಿಯೆಂದರೆ ಪಲ್ಸುಗಳ ನಡುವಿನ ಅಂತರವನ್ನು ಹೆಚ್ಚಿಸುವುದು, ಅಷ್ಟೇ. ಊರೊಳಗಿನ ಕರೆಯನ್ನು ಒಂದು ಕಾಲದಲ್ಲಿ ಎಷ್ಟು ಹೊತ್ತು ಮಾತನಾಡಿದರೂ ಒಂದೇ ಎಂದು ಎಣಿಸುತ್ತಿದ್ದರು. ಮುಂದೆ 5 ನಿಮಿಷಕ್ಕೊಂದು, 1999ರ ದರ ಆದೇಶದ ತರುವಾಯ 3 ನಿಮಿಷಕ್ಕೊಂದು ಎಂದಾಯಿತು.

ಹನಿ ಹನಿ ಕೂಡಿದರೆ ಹಳ್ಳ ಎಂಬಂತೆ ಎಲ್ಲವೂ ಆ ಒಂದೇ ಚಕ್ರಕ್ಕೆ ಬಂದು ಸೇರುತ್ತಿತ್ತು. ಪಕ್ಕದ ಬೀದಿಯ ಕರೆಯೂ, ದೆಹಲಿಯ ಕರೆಯೂ ಅಲ್ಲಿ ಕೇವಲ ಅಂಕಿ. ಯಾವ ಸಂಖ್ಯೆಗೆ, ಯಾವ ದಿನ, ಎಷ್ಟು ಹೊತ್ತು ಎಂಬುದರ ಗುರುತು ಎಲ್ಲಿಯೂ ಉಳಿಯುತ್ತಿರಲಿಲ್ಲ. ಆದುದರಿಂದ ಬಿಲ್ಲು ಹೆಚ್ಚಾಯಿತೆಂದು ದೂರು ಕೊಟ್ಟರೆ, ಮೀಟರನ್ನು ಪರೀಕ್ಷಿಸಿ ‘ಸರಿಯಾಗಿದೆ’ ಎನ್ನುವುದರ ಹೊರತು ಇಲಾಖೆಯೂ ಬೇರೇನನ್ನೂ ತೋರಿಸುವಂತಿರಲಿಲ್ಲ. ‘ನಾವು ಮಾಡಿಲ್ಲ’ ಎಂದು ಗ್ರಾಹಕ, ‘ಮೀಟರು ತೋರಿಸಿದೆ’ ಎಂದು ಇಲಾಖೆ. ಇಬ್ಬರ ಬಳಿಯೂ ಸಾಕ್ಷಿಯಿಲ್ಲ. ಮನೆಗಳಲ್ಲಿ ಫೋನಿನ ತಿರುಗುವ ಡಯಲಿಗೆ ಪುಟ್ಟ ಬೀಗ ಹಾಕುತ್ತಿದ್ದುದು ಇದರಿಂದಲೇ. ಬೀಗವಿದ್ದರೂ ರಿಸೀವರ್ ಇಡುವ ಗುಂಡಿಯನ್ನು ಲಯಬದ್ಧವಾಗಿ ತಟ್ಟಿ ಸಂಖ್ಯೆ ಹಚ್ಚುವ ಮಕ್ಕಳ ಜಾಣ್ಮೆ ಹಿರಿಯರಿಗೆ ತಿಳಿಯುತ್ತಿದ್ದುದು ಬಿಲ್ಲು ಬಂದ ಮೇಲೆಯೇ!

ಕಿತ್ತೂರಿನಲ್ಲಿ ಬಂದ ಹೊಸ ಯಂತ್ರ

ಈ ಸ್ಥಿತಿಯನ್ನು ಬದಲಿಸಿದ್ದು ಡಿಜಿಟಲ್ ವಿನಿಮಯ ಕೇಂದ್ರಗಳು. 1984ರಲ್ಲಿ ಕೇಂದ್ರ ಸರ್ಕಾರವು ಸಿ-ಡಾಟ್ ಎಂಬ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತು; ಸ್ಯಾಮ್ ಪಿತ್ರೋಡಾ ಅವರ ಹೆಸರು ಅದರೊಡನೆ ಬೆಸೆದುಕೊಂಡಿದೆ. ನಮ್ಮ ಹಳ್ಳಿಗಳ ಧೂಳು, ಬಿಸಿಲುಗಳನ್ನು ತಡೆದುಕೊಂಡು ಹವಾನಿಯಂತ್ರಣವಿಲ್ಲದೆಯೂ ನಡೆಯಬಲ್ಲ ಗ್ರಾಮೀಣ ವಿನಿಮಯ ಯಂತ್ರವನ್ನು ಆ ಸಂಸ್ಥೆ ರೂಪಿಸಿತು. ಅದರ ಮೊದಲ ಯಂತ್ರ 1986ರಲ್ಲಿ ಕಾರ್ಯಾರಂಭ ಮಾಡಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಎಂಬುದು ಕನ್ನಡಿಗರೆಲ್ಲರೂ ನೆನಪಿಡಬೇಕಾದ ಸಂಗತಿ.

ಡಿಜಿಟಲ್ ಕೇಂದ್ರವೆಂದರೆ ಮೂಲತಃ ಒಂದು ಗಣಕಯಂತ್ರ. ಹಳೆಯ ಕೇಂದ್ರ ತಂತಿಗಳನ್ನು ಜೋಡಿಸಿ ಮರೆತುಬಿಡುತ್ತಿತ್ತು. ಹೊಸದು ಜೋಡಿಸಿದ್ದನ್ನು ಬರೆದಿಡಬಲ್ಲದು. ಪ್ರತಿಯೊಂದು ಕರೆಗೂ ಒಂದು ಸಾಲಿನ ಬರಹ. ಇದನ್ನೇ ಕರೆ ವಿವರ ದಾಖಲೆ, ಬಳಕೆಯ ಮಾತಿನಲ್ಲಿ ಸಿಡಿಆರ್ ಎನ್ನುತ್ತಾರೆ. ಕರೆ ಮಾಡಿದ ಸಂಖ್ಯೆ, ಸ್ವೀಕರಿಸಿದ ಸಂಖ್ಯೆ, ದಿನಾಂಕ, ಕರೆ ಆರಂಭವಾದ ಹೊತ್ತು, ಎಷ್ಟು ಸೆಕೆಂಡು ನಡೆಯಿತು, ಯಾವ ಮಾರ್ಗದಲ್ಲಿ ಹೋಯಿತು, ಯಾವ ಕಾರಣದಿಂದ ಮುಗಿಯಿತು ಎಂಬ ವಿವರಗಳು ಅದರಲ್ಲಿರುತ್ತವೆ. ಮೊಬೈಲ್ ಆದರೆ ಇನ್ನೂ ಕೆಲವು ಸೇರುತ್ತವೆ. ಸಿಮ್ ಕಾರ್ಡಿನ ಗುರುತು, ಕೈಯಲ್ಲಿರುವ ಉಪಕರಣದ ಐಎಂಇಐ ಸಂಖ್ಯೆ, ಕರೆ ನಡೆದ ಟವರಿನ ಗುರುತು ಅವುಗಳಲ್ಲಿ ಮುಖ್ಯವಾದವು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಈ ದಾಖಲೆಯಲ್ಲಿ ನಾವು ಆಡಿದ ಮಾತು ಇರುವುದಿಲ್ಲ. ಮಾತನ್ನು ಕೇಳುವುದು ಕದ್ದಾಲಿಕೆ. ಅದರ ದಾರಿಯೂ, ಅದನ್ನು ಕುರಿತ ಕಾನೂನೂ ಬೇರೆ. 1988ರಲ್ಲಿ ಕರ್ನಾಟಕದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟದ್ದು ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ. ಸಿಡಿಆರ್ ಎಂಬುದು ಅಂಚೆಯ ಲಕೋಟೆಯ ಮೇಲಿನ ಬರಹದಂತೆ, ಒಳಗಿನ ಕಾಗದವಲ್ಲ.

ದಾಖಲೆಯಿಂದ ಬಿಲ್ಲಿಗೆ

ಒಂದು ಸಾಲಿನ ದಾಖಲೆ ನಮ್ಮ ಬಿಲ್ಲಾಗುವ ಮುನ್ನ ನಾಲ್ಕಾರು ಹಂತಗಳನ್ನು ದಾಟಬೇಕು. ಮೊದಲನೆಯದು ಸಂಗ್ರಹ. ವಿನಿಮಯ ಕೇಂದ್ರವು ತನ್ನ ಡಿಸ್ಕಿನಲ್ಲಿ ದಾಖಲೆಗಳನ್ನು ಕಡತಗಳಾಗಿ ಬರೆಯುತ್ತದೆ. ಹಿಂದೆ ಇವನ್ನು ಆಯಸ್ಕಾಂತ ಟೇಪಿನಲ್ಲಿ ತುಂಬಿ, ಸುರುಳಿಗಳನ್ನು ಬಿಲ್ಲಿಂಗ್ ಕೇಂದ್ರಕ್ಕೆ ಒಯ್ಯುತ್ತಿದ್ದರು. ಇಂದು ಕಡತಗಳು ಜಾಲದ ಮೂಲಕವೇ ಹೋಗುತ್ತವೆ. ಪ್ರತಿ ಕಡತಕ್ಕೂ ಅನುಕ್ರಮ ಸಂಖ್ಯೆ ಇರುತ್ತದೆ. 101ರ ನಂತರ 103 ಬಂದರೆ ನಡುವಿನದು ಕಳೆದುಹೋಗಿದೆಯೆಂದು ಕೂಡಲೇ ತಿಳಿಯುತ್ತದೆ. 102 ಎರಡು ಸಲ ಬಂದರೆ ಒಂದನ್ನು ತಿರಸ್ಕರಿಸಬೇಕು. ಕಡತ ಕಳೆದರೆ ಸಂಸ್ಥೆಗೆ ನಷ್ಟ, ಎರಡು ಸಲ ಸೇರಿದರೆ ಗ್ರಾಹಕನಿಗೆ ನಷ್ಟ.

ಎರಡನೆಯದು ಶೋಧನೆ. ಬೇರೆ ಬೇರೆ ತಯಾರಕರ ಯಂತ್ರಗಳು ಬೇರೆ ಬೇರೆ ರೀತಿಯಲ್ಲಿ ಬರೆಯುತ್ತವೆ. ಅವನ್ನೆಲ್ಲ ಒಂದೇ ರೂಪಕ್ಕೆ ತರುವ ಪ್ರತ್ಯೇಕ ವ್ಯವಸ್ಥೆಯಿದೆ. ದೀರ್ಘ ಕರೆಯೊಂದನ್ನು ಯಂತ್ರವು ಹಲವು ತುಂಡು ದಾಖಲೆಗಳಾಗಿ ಬರೆದಿದ್ದರೆ, ಅವನ್ನು ಒಂದುಗೂಡಿಸುವ ಕೆಲಸವೂ ಇಲ್ಲಿಯದೇ. ಒಂದು ತಾಸಿನ ಕರೆಯನ್ನು ಯಂತ್ರ ನಡುವೆಯೇ ಬರೆದಿಡುವುದೇಕೆ? ಅಷ್ಟರಲ್ಲಿ ಯಂತ್ರ ಕೆಟ್ಟರೆ ಇಡೀ ಕರೆಯ ಲೆಕ್ಕ ಹೋಗಬಾರದಲ್ಲ, ಅದಕ್ಕೆ.

ಮೂರನೆಯದು ದರ ಹಚ್ಚುವುದು. ಪ್ರತಿಯೊಂದು ದಾಖಲೆಯ ಮುಂದೆಯೂ ಆ ಗ್ರಾಹಕನ ಯೋಜನೆಗೆ ತಕ್ಕ ಬೆಲೆಯನ್ನು ಬರೆಯುತ್ತಾರೆ. ತಪ್ಪುಗಳು ನುಸುಳುವುದು ಬಹುಮಟ್ಟಿಗೆ ಈ ಹಂತದಲ್ಲಿ. ಯೋಜನೆ ಬದಲಾದ ದಿನಾಂಕವನ್ನು ತಪ್ಪಾಗಿ ನಮೂದಿಸಿದರೆ ಆ ಒಂದು ತಪ್ಪು ಸಾವಿರಾರು ಬಿಲ್ಲುಗಳಿಗೆ ಹರಡುತ್ತದೆ. 2011ರ ಜನವರಿ 20ರಂದು ಸಂಖ್ಯೆ ಬದಲಿಸದೆ ಸಂಸ್ಥೆ ಬದಲಿಸುವ ಸೌಲಭ್ಯ ದೇಶದಾದ್ಯಂತ ಜಾರಿಗೆ ಬಂದ ಮೇಲೆ, ಸಂಖ್ಯೆಯ ಮೊದಲ ಅಂಕಿಗಳನ್ನು ನೋಡಿ ಅದು ಯಾವ ಸಂಸ್ಥೆಯದು ಎಂದು ಹೇಳುವಂತಿಲ್ಲ. ಅದಕ್ಕೂ ಬೇರೊಂದು ಪಟ್ಟಿಯನ್ನು ನೋಡಬೇಕಾಯಿತು.

ದರ ಹಚ್ಚುವ ಕ್ರಮ ಎಷ್ಟು ವ್ಯತ್ಯಾಸ ಮಾಡುತ್ತದೆಂಬುದನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯಬಹುದು. ತಲಾ 65 ಸೆಕೆಂಡುಗಳ 10 ಕರೆಗಳನ್ನು ಮಾಡಿದ್ದೇವೆ ಎನ್ನೋಣ. ಆಡಿದ ಮಾತು ಒಟ್ಟು 650 ಸೆಕೆಂಡು. ಸೆಕೆಂಡಿಗೆ 1 ಪೈಸೆಯಾದರೆ ಆರೂವರೆ ರೂಪಾಯಿ. ನಿಮಿಷಕ್ಕೆ 60 ಪೈಸೆಯಾದರೆ? ದರ ಒಂದೇ ಅಲ್ಲವೆ ಎನಿಸುತ್ತದೆ. ಆದರೆ ನಿಮಿಷದ ಲೆಕ್ಕದಲ್ಲಿ 65 ಸೆಕೆಂಡು ಎಂದರೆ 2 ನಿಮಿಷ. ಹತ್ತು ಕರೆಗೆ 20 ನಿಮಿಷ, 12 ರೂಪಾಯಿ. ಪ್ರತಿ ಕರೆಯ ದಾಖಲೆ ಎರಡರಲ್ಲೂ ಒಂದೇ. ಅದನ್ನು ಓದುವ ಕ್ರಮವಷ್ಟೇ ಬೇರೆ. 2009ರಲ್ಲಿ ಸೆಕೆಂಡಿನ ಲೆಕ್ಕದ ಯೋಜನೆಗಳು ನಮ್ಮ ದೇಶದಲ್ಲಿ ವ್ಯಾಪಕವಾಗಿ ಬಂದಾಗ ಜನ ಅವನ್ನು ಮೆಚ್ಚಿಕೊಂಡದ್ದು ಸುಮ್ಮನೆ ಅಲ್ಲ.

ಕೊನೆಯದು ಹಂಚಿಕೆ. ಒಂದು ಸಂಸ್ಥೆಯ ಫೋನಿನಿಂದ ಇನ್ನೊಂದರ ಫೋನಿಗೆ ಕರೆ ಹೋದಾಗ, ಕರೆಯನ್ನು ತಲುಪಿಸಿದ ಸಂಸ್ಥೆಗೆ ಮೊದಲನೆಯದು ಹಣ ಕೊಡುವ ಪದ್ಧತಿ 2003ರಿಂದ ಬಂದಿತು. ಒಳಬರುವ ಮೊಬೈಲ್ ಕರೆಗೆ ನಾವು ಹಣ ಕೊಡುವುದು ತಪ್ಪಿದ್ದು ಅದೇ ವರ್ಷ. ಹಾಗಾಗಿ ಒಂದೇ ಕರೆಯನ್ನು ಎರಡು ಸಂಸ್ಥೆಗಳೂ ಬರೆದಿಟ್ಟುಕೊಂಡು, ಎರಡು ಅಂಗಡಿಗಳು ಪರಸ್ಪರ ಖಾತೆ ತಾಳೆ ನೋಡುವಂತೆ ಹೋಲಿಸುತ್ತಿದ್ದವು. ಗಡಿಯ ಪ್ರಯಾಣದಲ್ಲಿ ಈ ಲೆಕ್ಕ ಇನ್ನಷ್ಟು ತೊಡಕಿನದು. ಹೈದರಾಬಾದಿನಿಂದ ಜಹೀರಾಬಾದ್ ಮಾರ್ಗವಾಗಿ ಬೀದರಿಗೆ ಹೋಗುವವರ ಫೋನು ದಾರಿಯಲ್ಲಿ ಒಂದು ವಲಯದ ಟವರನ್ನು ಬಿಟ್ಟು ಇನ್ನೊಂದು ವಲಯದ ಟವರನ್ನು ಹಿಡಿಯುತ್ತದೆ. ರೋಮಿಂಗಿಗೆ ಪ್ರತ್ಯೇಕ ದರವಿದ್ದ ದಿನಗಳಲ್ಲಿ, ಗಡಿ ದಾಟಿದೆವೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತಿದ್ದುದು ರಸ್ತೆಯ ಬದಿಯ ಕಲ್ಲಲ್ಲ, ದಾಖಲೆಯಲ್ಲಿನ ಟವರಿನ ಗುರುತು.

ಹಾಸ್ಟೆಲ್ಲಿನ ಫೋನೂ ಅದರ ಎಣಿಕೆಯೂ

ದೊಡ್ಡ ಸಂಸ್ಥೆಗಳ ಮಾತಾಯಿತು. ಇದೇ ಕೆಲಸವನ್ನು ಚಿಕ್ಕ ಪ್ರಮಾಣದಲ್ಲಿ ಮಾಡುವ ಯಂತ್ರಗಳು ಕಚೇರಿ, ವಸತಿಗೃಹ, ಆಸ್ಪತ್ರೆ, ಹಾಸ್ಟೆಲ್ಲುಗಳಲ್ಲಿವೆ. ಇವನ್ನು ಇಪಿಎಬಿಎಕ್ಸ್ ಎನ್ನುತ್ತೇವೆ. ನಾಲ್ಕು ಹೊರಗಿನ ಸಂಪರ್ಕಗಳನ್ನು ನಲವತ್ತು ಕೋಣೆಗಳು ಹಂಚಿಕೊಳ್ಳುವ ವ್ಯವಸ್ಥೆಯಿದು. ಹೊರಗಿನ ಬಿಲ್ಲು ಒಟ್ಟಾಗಿ ಬರುತ್ತದೆ. ಯಾವ ಕೋಣೆಯವರು ಎಷ್ಟು ಕೊಡಬೇಕೆಂಬುದನ್ನು ಒಳಗಿನ ಯಂತ್ರವೇ ಹೇಳಬೇಕು.

ಇದಕ್ಕಾಗಿ ಯಂತ್ರವು ಪ್ರತಿ ಕರೆ ಮುಗಿದೊಡನೆ ಒಂದು ಸಾಲನ್ನು ಹೊರಹಾಕುತ್ತದೆ. ದಿನಾಂಕ, ಹೊತ್ತು, ಕೋಣೆಯ ಸಂಖ್ಯೆ, ಬಳಸಿದ ಹೊರಸಂಪರ್ಕ, ಹಚ್ಚಿದ ಸಂಖ್ಯೆ, ಅವಧಿ ಇಷ್ಟನ್ನು ಅದು ತಂತಿಯ ಮೂಲಕ ಮುದ್ರಣಯಂತ್ರಕ್ಕೋ ಗಣಕಕ್ಕೋ ಕಳುಹಿಸುತ್ತದೆ. ಗಣಕದಲ್ಲಿನ ತಂತ್ರಾಂಶವು ಅದಕ್ಕೆ ದರ ಹಚ್ಚಿ ಕೋಣೆವಾರು ಬಿಲ್ಲು ಮಾಡುತ್ತದೆ.

ಇಲ್ಲಿ ಎರಡು ದೋಷಗಳು ಪದೇ ಪದೇ ಕಾಣಿಸಿಕೊಳ್ಳುತ್ತವೆ. ಹಾಸ್ಟೆಲ್ಲಿನಲ್ಲಿ ಮಕ್ಕಳನ್ನಿಟ್ಟವರೂ, ಕಚೇರಿ ನಡೆಸುವವರೂ ಇವನ್ನು ತಿಳಿದಿರುವುದು ಒಳ್ಳೆಯದು. ಮೊದಲನೆಯದು, ಎದುರಿನವರು ಕರೆಯನ್ನು ಎತ್ತಿಕೊಂಡರೋ ಇಲ್ಲವೋ ಎಂಬುದು ಸಾಮಾನ್ಯ ತಂತಿಯ ಸಂಪರ್ಕದಲ್ಲಿ ಒಳಗಿನ ಯಂತ್ರಕ್ಕೆ ತಿಳಿಯುವುದೇ ಇಲ್ಲ. ವಿನಿಮಯ ಕೇಂದ್ರವು ಕರೆ ಎತ್ತಿದ ಕ್ಷಣದಲ್ಲಿ ತಂತಿಯ ವಿದ್ಯುತ್ತನ್ನು ತಿರುಗುಮುರುಗು ಮಾಡಿ ಸೂಚನೆ ಕೊಟ್ಟರೆ ಮಾತ್ರ ತಿಳಿಯುತ್ತದೆ. ಆ ಸೂಚನೆಯಿಲ್ಲದಿದ್ದರೆ ಯಂತ್ರವು ಸಂಖ್ಯೆ ಹಚ್ಚಿ ಇಂತಿಷ್ಟು ಸೆಕೆಂಡು ಕಳೆದೊಡನೆ ‘ಮಾತು ಆರಂಭವಾಯಿತು’ ಎಂದು ಊಹಿಸಿ ಎಣಿಸತೊಡಗುತ್ತದೆ. ಮನೆಯಲ್ಲಿ ಯಾರೂ ಎತ್ತದೆ ಬಹಳ ಹೊತ್ತು ಗಂಟೆ ಬಾರಿಸಿದ ಕರೆಗೂ ಬಿಲ್ಲು ಬೀಳುವುದು ಹೀಗೆ. ದೂರವಾಣಿ ಸಂಸ್ಥೆಯ ಬಿಲ್ಲಿನಲ್ಲಿ ಆ ಕರೆ ಇರುವುದೇ ಇಲ್ಲ!

ಎರಡನೆಯದು, ಗಣಕ ಕೆಟ್ಟಿದ್ದಾಗಲೋ ಮುದ್ರಣಯಂತ್ರದ ಕಾಗದ ಮುಗಿದಾಗಲೋ ಯಂತ್ರವು ದಾಖಲೆಗಳನ್ನು ತನ್ನ ಪುಟ್ಟ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಅದು ತುಂಬಿದ ಮೇಲೆ ಹಳೆಯ ದಾಖಲೆಗಳು ಅಳಿಸಿಹೋಗುವುದೋ ಹೊಸವು ಸೇರದಿರುವುದೋ ಆಗುತ್ತದೆ. ಆಗ ಒಟ್ಟು ಬಿಲ್ಲಿಗೂ ಕೋಣೆವಾರು ಮೊತ್ತಕ್ಕೂ ತಾಳೆಯಾಗದೆ, ಉಳಿದ ಹಣವನ್ನು ಎಲ್ಲರ ಮೇಲೂ ಹೇರಬೇಕಾಗುತ್ತದೆ. ಯಾರೂ ಮೋಸ ಮಾಡದೆಯೂ ಎಲ್ಲರಿಗೂ ಅನುಮಾನ ಹುಟ್ಟಲು ಇಷ್ಟು ಸಾಕು.

ಇಂದಿನ ಅಂತರ್ಜಾಲ ಆಧಾರಿತ ಕಚೇರಿ ಫೋನುಗಳಲ್ಲಿ ಮೊದಲ ದೋಷ ಬಹುಮಟ್ಟಿಗೆ ನೀಗಿದೆ. ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶದ ದಾಖಲೆಯಲ್ಲಿ ಎರಡು ಅವಧಿಗಳು ಪ್ರತ್ಯೇಕವಾಗಿರುತ್ತವೆ. ಒಂದು ಕರೆ ಆರಂಭವಾದಂದಿನಿಂದ ಮುಗಿಯುವವರೆಗಿನದು, ಇನ್ನೊಂದು ಎತ್ತಿಕೊಂಡ ಮೇಲಿನದು. ಬಿಲ್ಲು ಮಾಡಬೇಕಾದದ್ದು ಎರಡನೆಯದಕ್ಕೆ. ಹಾಸ್ಟೆಲ್ಲಿನವರಾಗಲಿ ಕಚೇರಿಯವರಾಗಲಿ ಮೊದಲನೆಯದನ್ನು ಹಿಡಿದು ಲೆಕ್ಕ ಹಾಕಿದ್ದಾರೆಯೆ ಎಂದು ಒಮ್ಮೆ ವಿಚಾರಿಸಿ ನೋಡುವುದು ತಪ್ಪಲ್ಲ.

ಶುಲ್ಕ ಹೋಯಿತು, ದಾಖಲೆ ಉಳಿಯಿತು

2016ರ ತರುವಾಯ ಕಾಲ ಬದಲಾಯಿತು. ತಿಂಗಳಿಗಿಷ್ಟು ಹಣ ಕೊಟ್ಟರೆ ಎಷ್ಟು ಬೇಕಾದರೂ ಮಾತಾಡಬಹುದಾದ ಯೋಜನೆಗಳು ಬಂದವು. 2021ರ ಜನವರಿ 1ರಿಂದ ದೇಶದೊಳಗಿನ ಮೊಬೈಲ್ ಕರೆಗಳಿಗೆ ಸಂಸ್ಥೆಗಳು ಪರಸ್ಪರ ಕೊಡುತ್ತಿದ್ದ ತಲುಪಿಸುವ ಶುಲ್ಕವೂ ಸೊನ್ನೆಯಾಯಿತು. ಲೆಕ್ಕ ಹಾಕುವ ಕಾರಣವೇ ಇಲ್ಲದಿದ್ದರೆ ದಾಖಲೆಯನ್ನೂ ನಿಲ್ಲಿಸಬಹುದಿತ್ತಲ್ಲ ಎಂದು ಕೇಳಬಹುದು. ಆದದ್ದು ಅದಕ್ಕೆ ವಿರುದ್ಧ. ಮೊದಲು ದಾಖಲೆಗಳನ್ನು ಕನಿಷ್ಠ 1 ವರ್ಷ ಉಳಿಸಬೇಕೆಂಬ ಪರವಾನಗಿ ಷರತ್ತು ಇತ್ತು. 2021ರ ಡಿಸೆಂಬರಿನಲ್ಲಿ ದೂರಸಂಪರ್ಕ ಇಲಾಖೆಯು ಅದನ್ನು ಕನಿಷ್ಠ 2 ವರ್ಷಗಳಿಗೆ ಹೆಚ್ಚಿಸಿತು. ಭದ್ರತೆಯ ಕಾರಣಕ್ಕೆ ಪರಿಶೀಲಿಸಲು ಅವು ಲಭ್ಯವಿರಬೇಕೆಂಬುದು ಅದರ ಉದ್ದೇಶ. ಬಿಲ್ಲಿಗಾಗಿ ಹುಟ್ಟಿದ ದಾಖಲೆ ಹೀಗೆ ಬಿಲ್ಲಿಗಿಂತ ಹೆಚ್ಚು ಆಯುಷ್ಯವನ್ನು ಪಡೆಯಿತು.

ತನಿಖೆಗೆ ಇದರ ಉಪಯೋಗವಿಲ್ಲವೆಂದು ಯಾರೂ ಹೇಳಲಾರರು. ದಿಲ್‌ಸುಖ್‌ನಗರದವರು 2013ರ ಫೆಬ್ರವರಿ 21ರ ಸಂಜೆಯನ್ನು ಮರೆಯುವಂತಿಲ್ಲ. ಜನನಿಬಿಡ ಹೊತ್ತಿನಲ್ಲಿ ಬಸ್ ನಿಲ್ದಾಣದ ಬಳಿ ನಡೆದ ಅವಳಿ ಬಾಂಬ್ ಸ್ಫೋಟಗಳಲ್ಲಿ ಹಲವರು ಪ್ರಾಣ ಕಳೆದುಕೊಂಡರು, ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಇಂತಹ ಘಟನೆಗಳ ತರುವಾಯ ತನಿಖಾಧಿಕಾರಿಗಳು ಸಾಮಾನ್ಯವಾಗಿ ಆ ಪ್ರದೇಶದ ಟವರುಗಳಲ್ಲಿ ದಾಖಲಾದ ಕರೆಗಳ ಪಟ್ಟಿಯನ್ನು ತರಿಸಿಕೊಳ್ಳುತ್ತಾರೆ. ಆದರೆ ಆ ಪಟ್ಟಿಯ ಮಿತಿಯನ್ನೂ ಅರಿಯಬೇಕು. ಟವರಿನ ಗುರುತು ವ್ಯಕ್ತಿ ನಿಂತ ಜಾಗವನ್ನು ಹೇಳುವುದಿಲ್ಲ. ಆ ಟವರಿನ ವ್ಯಾಪ್ತಿಯಲ್ಲಿ ಫೋನು ಇತ್ತೆಂದಷ್ಟೇ ಹೇಳುತ್ತದೆ. ದಿಲ್‌ಸುಖ್‌ನಗರದಂತಹ ಕಡೆ ಒಂದು ಟವರಿನ ವ್ಯಾಪ್ತಿಯಲ್ಲಿ ಹಣ್ಣು ಮಾರುವವನೂ, ಬಸ್ಸಿಗೆ ಕಾದ ವಿದ್ಯಾರ್ಥಿಯೂ, ದೇವಸ್ಥಾನಕ್ಕೆ ಬಂದ ಅಜ್ಜಿಯೂ ಇರುತ್ತಾರೆ.

ನ್ಯಾಯಾಲಯಗಳೂ ಈ ದಾಖಲೆಯನ್ನು ಹೇಗೆ ಒಪ್ಪಬೇಕೆಂದು ಬಹಳ ವಿಚಾರ ಮಾಡಿವೆ. ಸಂಸತ್ ಭವನದ ಮೇಲಿನ ದಾಳಿಯ ಪ್ರಕರಣದಲ್ಲಿ, 2005ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಮುದ್ರಿತ ಕರೆ ಪಟ್ಟಿಗಳನ್ನು ವಿಶೇಷ ಪ್ರಮಾಣಪತ್ರವಿಲ್ಲದೆಯೂ ಸಾಕ್ಷಿಯಾಗಿ ಒಪ್ಪಿತು. 2014ರಲ್ಲಿ ಅನ್ವರ್ ಪ್ರಕರಣದಲ್ಲಿ ಆ ನಿಲುವನ್ನು ಬದಲಿಸಿ, ಗಣಕದಿಂದ ತೆಗೆದ ದಾಖಲೆಯ ಪ್ರತಿಗೆ ಕಾನೂನು ಹೇಳಿದ ಪ್ರಮಾಣಪತ್ರ ಬೇಕೆಂದಿತು. 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಅದನ್ನು ದೃಢಪಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ವಿಧಿಯಲ್ಲೂ ಪ್ರಮಾಣಪತ್ರದ ಅಗತ್ಯ ಮುಂದುವರಿದಿದೆ. ಕಾರಣ ಸರಳ: ಗಣಕದ ಕಡತವನ್ನು ಗುರುತು ಸಿಗದಂತೆ ತಿದ್ದುವುದು ಸಾಧ್ಯ.

ದಾಖಲೆ ಯಾರ ಕೈಗೆ ಸಿಗಬೇಕು?

ಮಾತು ಇಲ್ಲದ ದಾಖಲೆಯಿಂದ ಏನು ತಿಳಿದೀತು ಎಂದು ಅಸಡ್ಡೆ ಮಾಡುವಂತಿಲ್ಲ. ಒಬ್ಬರು ಕ್ಯಾನ್ಸರ್ ವೈದ್ಯರಿಗೆ ವಾರಕ್ಕೆರಡು ಸಲ, ಆಮೇಲೆ ವಿಮಾ ಕಚೇರಿಗೆ, ಆಮೇಲೆ ವಕೀಲರಿಗೆ ಕರೆ ಮಾಡಿದ್ದಾರೆಂದು ತಿಳಿದರೆ ಸಾಕು, ಮಾತು ಕೇಳಬೇಕಾಗಿಲ್ಲ. ನಮ್ಮ ಸಂಬಂಧಗಳು, ಕಷ್ಟಗಳು, ದಿನಚರಿ ಎಲ್ಲವೂ ಆ ಸಾಲುಗಳಲ್ಲಿ ಓದಿಕೊಳ್ಳುತ್ತವೆ. ಹಳೆಯ ಮೀಟರು ನಮ್ಮ ಪರವಾಗಿ ಸಾಕ್ಷಿ ಹೇಳಲಾರದೆ ಹೋಯಿತು, ನಿಜ. ಆದರೆ ಅದು ನಮ್ಮ ಗುಟ್ಟನ್ನೂ ಯಾರಿಗೂ ಹೇಳುತ್ತಿರಲಿಲ್ಲ.

2013ರಲ್ಲಿ, ರಾಜ್ಯಸಭೆಯ ಆಗಿನ ವಿರೋಧ ಪಕ್ಷದ ನಾಯಕ ಅರುಣ್ ಜೇಟ್ಲಿ ಅವರ ಕರೆ ದಾಖಲೆಗಳನ್ನು ಅಕ್ರಮವಾಗಿ ಪಡೆಯಲೆತ್ನಿಸಿದ ಪ್ರಕರಣದಲ್ಲಿ ದೆಹಲಿಯ ಪೊಲೀಸ್ ಸಿಬ್ಬಂದಿಯೊಬ್ಬರ ಬಂಧನವಾಯಿತು. ಅದೇ ವರ್ಷ, ಇಂತಹ ದಾಖಲೆಗಳನ್ನು ಕೇಳುವ ಅಧಿಕಾರವನ್ನು ಹಿರಿಯ ದರ್ಜೆಯ ಅಧಿಕಾರಿಗಳಿಗೆ ಸೀಮಿತಗೊಳಿಸುವ ಕ್ರಮ ಬಂದಿತು. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆಯ ವಿಷಯ. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯನ್ನು ಅಂಗೀಕರಿಸಿತು.

ಕಾನೂನು ದೊಡ್ಡ ಸಂಸ್ಥೆಗಳಿಗೆ ಮಾತ್ರ ಎಂದು ಭಾವಿಸಬಾರದು. ಹಾಸ್ಟೆಲ್ಲಿನ ವ್ಯವಸ್ಥಾಪಕನ ಮೇಜಿನ ಮೇಲೆ ಬಿದ್ದಿರುವ ಕೋಣೆವಾರು ಕರೆ ಪಟ್ಟಿಯೂ ಇದೇ ಬಗೆಯ ದಾಖಲೆ. ಬಿಲ್ಲು ತೀರಿ, ತಕರಾರಿನ ಅವಧಿ ಮುಗಿದ ಮೇಲೆ ಅದನ್ನು ರದ್ದಿಗೆ ಹಾಕದೆ ನಾಶಪಡಿಸುವುದು ಮರ್ಯಾದೆಯ ಕ್ರಮ.

ಗ್ರಾಹಕರು ಮಾಡಬಹುದಾದುದು

ಹಾಗಾದರೆ ಬಿಲ್ಲಿನ ಮೇಲೆ ಸಂಶಯ ಬಂದರೆ ಏನು ಮಾಡಬೇಕು? ಮೊದಲಿಗೆ ವಿವರವಾದ ಬಿಲ್ಲನ್ನು ಕೇಳಿರಿ. ಪ್ರೀಪೇಯ್ಡ್ ಗ್ರಾಹಕರಿಗೆ ಬಿಲ್ಲೇ ಇಲ್ಲವೆಂದು ಅನೇಕರು ಸುಮ್ಮನಾಗುತ್ತಾರೆ. ಆದರೆ ಟ್ರಾಯ್ ಪ್ರಾಧಿಕಾರದ 2012ರ ಗ್ರಾಹಕ ಸಂರಕ್ಷಣಾ ನಿಯಮಾವಳಿಯ ಪ್ರಕಾರ, ಪ್ರೀಪೇಯ್ಡ್ ಗ್ರಾಹಕರೂ ಹಿಂದಿನ 6 ತಿಂಗಳೊಳಗಿನ ಬಳಕೆಯ ವಿವರವನ್ನು ಕೇಳಬಹುದು. ಅದಕ್ಕೆ 50 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, 30 ದಿನಗಳೊಳಗೆ ಕೊಡಬೇಕು. ಈ 6 ತಿಂಗಳ ಮಿತಿಯನ್ನು ಗಮನಿಸಿರಿ. ದಾಖಲೆ 2 ವರ್ಷ ಇದ್ದರೂ ನಮ್ಮ ಈ ಹಕ್ಕಿನ ಅವಧಿ ಅದಕ್ಕಿಂತ ಕಡಮೆ.

ವಿವರ ಕೈಗೆ ಬಂದ ಮೇಲೆ ಮೊತ್ತವನ್ನಲ್ಲ, ಸಾಲುಗಳನ್ನು ನೋಡಿರಿ. ಒಂದೇ ಕರೆ ಎರಡು ಸಲ ಬಂದಿದೆಯೆ? ಯೋಜನೆ ಬದಲಾದ ದಿನಾಂಕದ ಆಚೀಚೆ ದರ ಸರಿಯಿದೆಯೆ? ಒಂದೇ ಹೊತ್ತಿನಲ್ಲಿ ಎರಡು ಕರೆಗಳು ನಡೆದಂತೆ ತೋರುತ್ತಿದೆಯೆ? ನಾವು ಕೋರದ ಸೇವೆಗೆ ಹಣ ಹಿಡಿದಿದ್ದಾರೆಯೆ? ವಿದೇಶದಲ್ಲಿ ಮಕ್ಕಳಿರುವ ಮನೆಯವರು ಅಂತರರಾಷ್ಟ್ರೀಯ ಕರೆಗಳ ಸಾಲುಗಳನ್ನು ವಿಶೇಷವಾಗಿ ನೋಡಬೇಕು. ಅಲ್ಲಿ ನಿಮಿಷದ ಲೆಕ್ಕ ಇನ್ನೂ ಭಾರವಾದದ್ದೇ.

ತಪ್ಪು ಕಂಡರೆ ಸಂಸ್ಥೆಯ ದೂರು ಕೇಂದ್ರದಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಪರಿಹಾರ ಸಿಗದಿದ್ದರೆ ಸಂಸ್ಥೆಯಲ್ಲಿಯೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೂ ಮುಂದೆ? 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪೊಂದರ ಕಾರಣ, ದೂರವಾಣಿ ಬಿಲ್ಲಿನ ವ್ಯಾಜ್ಯಗಳನ್ನು ಗ್ರಾಹಕ ನ್ಯಾಯಾಲಯಗಳು ಕೈಗೆತ್ತಿಕೊಳ್ಳಲು ಹಿಂಜರಿಯುತ್ತಿದ್ದವು. 2022ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯವು ಗ್ರಾಹಕರಿಗೆ ಆ ದಾರಿ ತೆರೆದಿದೆಯೆಂದು ಸ್ಪಷ್ಟಪಡಿಸಿತು. ಸಂಸ್ಥೆಗಳ ಬಿಲ್ಲಿಂಗ್ ವ್ಯವಸ್ಥೆಯನ್ನು ಲೆಕ್ಕ ಪರಿಶೋಧಕರಿಂದ ಪರೀಕ್ಷಿಸಬೇಕೆಂಬ ನಿಯಮವನ್ನು ಟ್ರಾಯ್ 2006ರಲ್ಲಿಯೇ ಮಾಡಿ, 2023ರಲ್ಲಿ ಪರಿಷ್ಕರಿಸಿದೆ. ಪರಿಶೋಧಕ ನೋಡುವುದು ವ್ಯವಸ್ಥೆಯನ್ನು. ನಮ್ಮ ಮನೆಯ ಬಿಲ್ಲನ್ನು ನೋಡಬೇಕಾದವರು ನಾವೇ.

ನಮ್ಮ ಹಿರಿಯರು ಚಿತ್ರಗುಪ್ತನ ಕಡತವನ್ನು ನಂಬಿದ್ದರು. ಪ್ರತಿಯೊಬ್ಬರ ಪ್ರತಿಯೊಂದು ಕೆಲಸವೂ ಅಲ್ಲಿ ಬರೆಯಲ್ಪಡುತ್ತದೆ ಎಂಬುದು ಆ ನಂಬಿಕೆ. ಆ ಕಡತವನ್ನು ಯಾರೂ ಇಣುಕಿ ನೋಡುವಂತಿರಲಿಲ್ಲ. ಈ ಕಡತದ ನಮ್ಮ ಪಾಲಿನ ಪುಟವನ್ನು ನಾವು ಕೇಳಿ ನೋಡಬಹುದು. ಅನ್ಯರು ಸುಮ್ಮನೆ ನೋಡದಂತೆ ತಡೆಯಲು ಕಾನೂನಿನ ನೆರವನ್ನೂ ಕೋರಬಹುದು. ಇಂದು ರಾತ್ರಿ ದಿಲ್‌ಸುಖ್‌ನಗರದ ಯಾವುದೋ ಕೋಣೆಯಿಂದ ವಿದ್ಯಾರ್ಥಿಯೊಬ್ಬ ಕಲಬುರಗಿಯ ತಾಯಿಗೆ ಕರೆ ಮಾಡಿ ಗಂಟೆಗಟ್ಟಲೆ ಮಾತಾಡಿಯಾನು. ಕೆಂಪು ಅಂಕಿಗಳ ಭಯ ಅವನಿಗಿಲ್ಲ. ಆದರೂ ಅವನ ಸಂಸ್ಥೆಯಲ್ಲೊಂದು, ತಾಯಿಯ ಸಂಸ್ಥೆಯಲ್ಲೊಂದು ಸಾಲು ಬರೆಯಲ್ಪಡುತ್ತದೆ, ಮತ್ತು ಕನಿಷ್ಠ ಎರಡು ವರ್ಷ ಅಲ್ಲಿ ಉಳಿಯುತ್ತದೆ. ಈ ಸಂಗತಿಯನ್ನು ಅವನಿಗೆ ತಿಳಿಸುವುದು ಮನೆಯ ಹಿರಿಯರಾದ ನಮ್ಮೆಲ್ಲರ ಕೆಲಸ.